ಈ ಗೋಡೆ ಎಷ್ಟು ಸರಿಯುತ್ತದೆ?

ತಡೆಗೋಡೆಯ ಲೆಕ್ಕದ ಹಾಳೆ ಪರಿಶೀಲನೆಗೆಂದು ನನ್ನ ಮೇಜಿಗೆ ಬಂದರೆ ಕಂಬಿಯ ವ್ಯಾಸ, ಕಾಂಕ್ರೀಟಿನ ದರ್ಜೆಗಳನ್ನೆಲ್ಲ ನಾನು ಆಮೇಲೆ ನೋಡುತ್ತೇನೆ. ಮೊದಲು ಕಣ್ಣು ಹೋಗುವುದು ಮಣ್ಣಿನ ಗುಣಗಳನ್ನು ಬರೆದಿರುವ ನಾಲ್ಕಾರು ಸಾಲುಗಳ ಕಡೆಗೆ. ಘನಮೀಟರಿಗೆ 18 ಕಿಲೋನ್ಯೂಟನ್ ತೂಕ, 30 ಡಿಗ್ರಿ ಘರ್ಷಣಾ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಘರ್ಷಣೆಯ ಅಳತೆ), ಅದರ ಕೆಳಗೆ ಪಾರ್ಶ್ವ ಒತ್ತಡದ ಗುಣಾಂಕ, ಅಂದರೆ ಮೇಲಿನಿಂದ ಬೀಳುವ ಒತ್ತಡದಲ್ಲಿ ಎಷ್ಟು ಪಾಲು ಪಕ್ಕಕ್ಕೆ ತಳ್ಳುತ್ತದೆ ಎಂಬುದು, 0.33. ಯಾವ ಮಣ್ಣು, ಯಾವ ಗೋಡೆ ಎಂಬುದರ ಹಂಗಿಲ್ಲದೆ ಬಹುಪಾಲು ಹಾಳೆಗಳಲ್ಲಿ ಇದೇ ಮೂರು ಸಂಖ್ಯೆಗಳು ಕೂತಿರುತ್ತವೆ. ಆಗ ನಾನು ಕೇಳುವ ಪ್ರಶ್ನೆ ಒಂದೇ: "ಈ ಗೋಡೆ ಎಷ್ಟು ಸರಿಯುತ್ತದೆ?"

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಇದು ಕುಹಕದ ಪ್ರಶ್ನೆಯಂತೆ ಕೇಳಿಸುತ್ತದೆ. "ಸರಿಯಬಾರದಲ್ಲವೇ ಸರ್? ಸರಿಯದಿರಲಿ ಎಂದೇ ತಾನೇ ಕಟ್ಟುವುದು?" ಎನ್ನುತ್ತಾರೆ.

"ಸರಿಯುವುದೇ ಇಲ್ಲ ಎನ್ನುವುದಾದರೆ 0.33 ಹೊಡೆದುಹಾಕಿ 0.5 ಬರೆಯಿರಿ. 0.33 ಉಳಿಯಬೇಕೆಂದರೆ ಎಷ್ಟು ಸರಿಯುತ್ತದೆ ಎಂದು ಹೇಳಿ. ಎರಡೂ ಒಟ್ಟಿಗೆ ಸಿಗುವುದಿಲ್ಲ."

ಕೇಳಿದವರ ಮುಖದಲ್ಲಿ ಅನುಮಾನ ಕಂಡರೆ ನನಗೆ ಸಂತೋಷ. ತಲೆಯಾಡಿಸಿ ಹೊರಟುಬಿಡುವವರ ಬಗ್ಗೆಯೇ ಚಿಂತೆ.

ಆರು ಮೀಟರ್ ಎತ್ತರದ ಗೋಡೆಯನ್ನು ತೆಗೆದುಕೊಳ್ಳಿ. ಹಿಂದೆ ಒಣ ಮರಳು, ಮೇಲ್ಮೈ ಸಮತಟ್ಟು. ಗೋಡೆ ಮುಂದಕ್ಕೆ ತುಸು ಸರಿದಿದ್ದರೆ, ಅಂದರೆ ಮಣ್ಣು ಆಕ್ಟಿವ್ ಸ್ಥಿತಿಗೆ ಬಂದಿದ್ದರೆ, ಗುಣಾಂಕ ಮೂರರಲ್ಲಿ ಒಂದು. ಬುಡದಲ್ಲಿ ಒತ್ತಡ ಚದರ ಮೀಟರಿಗೆ 36 ಕಿಲೋನ್ಯೂಟನ್, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಒಟ್ಟು ತಳ್ಳುವಿಕೆ 108. ಅದೇ ಗೋಡೆ ಕೂದಲೆಳೆಯಷ್ಟೂ ಅಲುಗದೆ ನಿಂತಿದ್ದರೆ ಗುಣಾಂಕ 0.5, ತಳ್ಳುವಿಕೆ 162. ಇನ್ನು ಯಾವುದೋ ಕಾರಣಕ್ಕೆ ಗೋಡೆಯೇ ಮಣ್ಣಿನೊಳಕ್ಕೆ ನುಗ್ಗತೊಡಗಿದರೆ ಮಣ್ಣು ತನ್ನ ಪೂರ್ತಿ ಬಲದಿಂದ ಎದುರು ನಿಲ್ಲುತ್ತದೆ. ಪ್ಯಾಸಿವ್ ಎನ್ನುವ ಆ ಸ್ಥಿತಿಯಲ್ಲಿ ಗುಣಾಂಕ 3, ತಳ್ಳುವಿಕೆ 972. ಮರಳು ಅದೇ, ಎತ್ತರ ಅದೇ, ತೂಕ ಅದೇ. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಒಂಬತ್ತು ಪಟ್ಟು ಅಂತರ. ಮಣ್ಣಿನ ಒತ್ತಡವನ್ನು ಮಣ್ಣಿನ ಗುಣವೆಂದು ಬರೆಯುವುದರಲ್ಲಿ ಇರುವ ತೊಡಕು ಇದು. ಗೋಡೆ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಗೊತ್ತಾಗದೆ ಆ ಸಾಲಿನಲ್ಲಿ ಬರೆಯಲು ಸಂಖ್ಯೆಯೇ ಇಲ್ಲ.

ಬಾಯಿಮಾತಿಗೆ ಜಗ್ಗದವರಿಗಾಗಿ ನಾನೊಂದು ಪೆಟ್ಟಿಗೆ ಮಾಡಿಸಿದ್ದೇನೆ. ಮೂರು ಕಡೆ ಪ್ಲೈವುಡ್, ಒಂದು ಕಡೆ ದಪ್ಪನೆಯ ಅಕ್ರಿಲಿಕ್ ಹಾಳೆ. ಒಂದು ತುದಿಯಲ್ಲಿ ಬುಡಕ್ಕೆ ಕೀಲು ಹಾಕಿದ ಹಲಗೆ. ಅದೇ ನಮ್ಮ ತಡೆಗೋಡೆ. ಹಲಗೆಯ ಬೆನ್ನಿಗೆ ಒಂದು ತಿರುಪು, ತಿರುಪಿಗೂ ಹಲಗೆಗೂ ನಡುವೆ ಒತ್ತುವ ಬಲವನ್ನು ಅಳೆದು ಪರದೆಯಲ್ಲಿ ತೋರಿಸುವ ಬೆರಳುಗಾತ್ರದ ಲೋಡ್ ಸೆಲ್. ಹಲಗೆಯ ಇನ್ನೊಂದು ಬದಿಗೆ ಒಣ ಮರಳನ್ನು ಪದರ ಪದರವಾಗಿ ಸುರಿಯಬೇಕು. ಎರಡು ಪದರಗಳ ನಡುವೆ ಬಣ್ಣ ಕಲಸಿದ ಮರಳಿನ ತೆಳುವಾದ ಗೆರೆ, ಅಕ್ರಿಲಿಕ್ಕಿಗೆ ತಾಗುವಂತೆ. ಪ್ರತಿ ಪದರವನ್ನೂ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಗಟ್ಟಿ ಮಾಡುತ್ತೇನೆ. ಇದು ಬೇಸರದ ಕೆಲಸ, ಆದರೆ ಇಲ್ಲಿ ಅವಸರ ಮಾಡಿದರೆ ಮುಂದೆ ಕಾಣಬೇಕಾದದ್ದು ಕಾಣುವುದಿಲ್ಲ.

ಮರಳು ತುಂಬಿದಾಗ ಪರದೆಯಲ್ಲಿ ಒಂದು ಅಂಕಿ ನಿಂತಿರುತ್ತದೆ. ತಿರುಪನ್ನು ಕಾಲು ಸುತ್ತು ಸಡಿಲಿಸಿದರೆ ಹಲಗೆ ಸರಿದದ್ದು ಕಣ್ಣಿಗೆ ತಿಳಿಯುವುದಿಲ್ಲ, ಆದರೆ ಅಂಕಿ ಧಡಕ್ಕನೆ ಇಳಿಯುತ್ತದೆ. ಇನ್ನೂ ಸ್ವಲ್ಪ ಸಡಿಲಿಸಿದರೆ ಇನ್ನೂ ಸ್ವಲ್ಪ ಇಳಿದು ಒಂದು ಕಡೆ ನಿಂತುಬಿಡುತ್ತದೆ. ಆಗ ಎಲ್ಲರಿಗೂ ಅಕ್ರಿಲಿಕ್ ಕಡೆ ನೋಡಿ ಎನ್ನುತ್ತೇನೆ. ಬಣ್ಣದ ಗೆರೆಗಳು ಒಂದೊಂದೂ ಒಂದು ಜಾಗದಲ್ಲಿ ಮುರಿದಿರುತ್ತವೆ. ಮುರಿದ ಬಿಂದುಗಳನ್ನು ಕಣ್ಣಿನಲ್ಲೇ ಜೋಡಿಸಿದರೆ ಹಲಗೆಯ ಬುಡದಿಂದ ಹೊರಟು ಕಡಿದಾಗಿ ಮೇಲೇರುವ ಓರೆ ಗೆರೆ. ಸಮತಲದಿಂದ 60 ಡಿಗ್ರಿಗೆ ತುಸು ಮೇಲೆ. ಆ ಗೆರೆಗೂ ಹಲಗೆಗೂ ನಡುವಿನ ತ್ರಿಕೋನ ಕೂದಲಷ್ಟು ಕೆಳಗೆ ಕುಸಿದಿರುತ್ತದೆ. ಮಿಕ್ಕ ಮರಳಿಗೆ ಏನೂ ಆಗಿರುವುದಿಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿದ್ದ ಬೆಣೆ ಮರಳಿನಲ್ಲಿ ತಾನಾಗಿ ಮೂಡಿದ್ದನ್ನು ಕಂಡು ಮಾತು ನಿಲ್ಲಿಸದವರನ್ನು ನಾನು ನೋಡಿಲ್ಲ.

ಗೋಡೆಗೆ ಒರಗಿ ನಿಂತ ಸೋಮಾರಿಯನ್ನು ನೆನೆಯಿರಿ. ಅವನಿಗೆ ಕಾಲಿದೆ, ಬೇಕಾದರೆ ನೆಟ್ಟಗೆ ನಿಲ್ಲಬಲ್ಲ. ಆಸರೆ ಇರುವಷ್ಟು ಹೊತ್ತು ಕಾಲಿಗೆ ಕೆಲಸ ಕೊಡುವುದಿಲ್ಲ. ಆಸರೆ ತುಸು ಹಿಂದೆ ಸರಿದರೆ ವಿಧಿಯಿಲ್ಲದೆ ಕಾಲೂರುತ್ತಾನೆ. ಮರಳಿನ ಕಾಲೆಂದರೆ ಕಣಕಣಗಳ ನಡುವಿನ ಘರ್ಷಣೆ. ಜಾರಲು ಶುರುವಾದರೆ ಮಾತ್ರ ಘರ್ಷಣೆ ಪೂರ್ತಿ ಎಚ್ಚರಗೊಳ್ಳುತ್ತದೆ, ಜಾರಬೇಕೆಂದರೆ ಗೋಡೆ ಎಡೆ ಮಾಡಿಕೊಡಬೇಕು. ಗಟ್ಟಿಯಾಗಿ ಕೂತ ಮರಳಿಗೆ ಬೇಕಾದ ಎಡೆ ಎತ್ತರದ ಸಾವಿರದಲ್ಲೊಂದು ಭಾಗದ ಆಸುಪಾಸು. ಆರು ಮೀಟರ್ ಗೋಡೆಯ ತಲೆ 6 ಮಿಲಿಮೀಟರ್ ಮುಂದೆ ಬಂದರೆ ಸಾಕು, ಸಡಿಲ ಮರಳಾದರೆ ಅದರ ಕೆಲವು ಪಟ್ಟು ಬೇಕು.

ಪೆಟ್ಟಿಗೆಯ ಆಟ ಇನ್ನೂ ಮುಗಿದಿರುವುದಿಲ್ಲ. ಮರಳನ್ನು ಮತ್ತೆ ತುಂಬಿಸಿ ತಿರುಪನ್ನು ಈ ಸಲ ಒಳಕ್ಕೆ ತಿರುಗಿಸಲು ಹೇಳುತ್ತೇನೆ. ಅಂಕಿ ಏರುತ್ತದೆ, ಏರುತ್ತಲೇ ಇರುತ್ತದೆ. ಎಡೆ ಮಾಡಿಕೊಟ್ಟಾಗ ಕಾಲು ಸುತ್ತಿಗೆ ಮುಗಿದ ಕಥೆ ಈಗ ಸುತ್ತಿನ ಮೇಲೆ ಸುತ್ತು ತಿರುಗಿಸಿದರೂ ಮುಗಿಯುವುದಿಲ್ಲ. ಕೊನೆಗೆ ಹಲಗೆಯಿಂದ ಬಹುದೂರದಲ್ಲಿ ಮರಳಿನ ಮೇಲ್ಮೈ ಉಬ್ಬುತ್ತದೆ, ಬುಡದಿಂದ ಹೊರಟ ಗೆರೆ ಚಪ್ಪಟೆಯಾಗಿ ಅಲ್ಲಿಯವರೆಗೂ ಹರಿದಿರುತ್ತದೆ. ಆರು ಮೀಟರ್ ಗೋಡೆಯ ಲೆಕ್ಕದಲ್ಲಿ ಹೇಳುವುದಾದರೆ ಆಕ್ಟಿವ್ ಬೆಣೆ ಮೇಲ್ಮೈಯಲ್ಲಿ ಮೂರೂವರೆ ಮೀಟರಿಗೆ ನಿಲ್ಲುತ್ತದೆ, ಪ್ಯಾಸಿವ್ ಬೆಣೆ ಹತ್ತು ಮೀಟರ್ ದಾಟುತ್ತದೆ. ಅಷ್ಟು ಮಣ್ಣನ್ನು ಎತ್ತಿ ಎಬ್ಬಿಸಲು ಬೇಕಾದ ಚಲನೆ ಆಕ್ಟಿವ್‌ಗೆ ಬೇಕಾದದ್ದರ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಗೋಡೆಯ ಮುಂಭಾಗದ ಮಣ್ಣು ಪಾದದ ತುದಿಯ ಕಡೆಯಿಂದ ತಡೆಯುತ್ತದೆ ಎಂದು ಪ್ಯಾಸಿವ್ ಒತ್ತಡವನ್ನು ಪೂರ್ತಿ ಲೆಕ್ಕಕ್ಕೆ ಹಿಡಿದವರ ಹಾಳೆಯನ್ನು ನಾನು ಹಿಂದಕ್ಕೆ ಕಳಿಸುವುದು ಇದೇ ಕಾರಣಕ್ಕೆ. ಆ ತಡೆ ಪೂರ್ತಿ ಸಿಗುವ ಹೊತ್ತಿಗೆ ಗೋಡೆ ಎಲ್ಲಿರುತ್ತದೋ! ಅದೂ ಅಲ್ಲದೆ, ಗೋಡೆಯ ಮುಂದೆ ಇನ್ನೆಂದೋ ಒಂದು ದಿನ ಯಾರೋ ಪೈಪ್ ಹಾಕಲು ಕಾಲುವೆ ತೋಡುತ್ತಾರೆ. ತೋಡುವವರು ಲೆಕ್ಕದ ಹಾಳೆ ಓದಿರುವುದಿಲ್ಲ.

ಇಷ್ಟೆಲ್ಲ ಗೊತ್ತಾಗಿದ್ದು ಒಮ್ಮೆಲೇ ಅಲ್ಲ. ಕೂಲಾಂ ಫ್ರೆಂಚ್ ಸೇನೆಯ ಎಂಜಿನಿಯರ್. ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದಲ್ಲಿ ವರ್ಷಗಟ್ಟಲೆ ಕೋಟೆ ಕಟ್ಟಿಸಿ, ಆರೋಗ್ಯ ಕೆಡಿಸಿಕೊಂಡು ಮರಳಿದವನು. 1773ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಅವನು ಓದಿದ ಪ್ರಬಂಧ 1776ರಲ್ಲಿ ಅಚ್ಚಾಯಿತು. ಗೋಡೆಯ ಹಿಂದೆ ಸಾಧ್ಯವಿರುವ ಬೆಣೆಗಳು ಅಸಂಖ್ಯ; ಅವುಗಳಲ್ಲಿ ಗೋಡೆಯನ್ನು ಅತಿ ಹೆಚ್ಚು ತಳ್ಳುವ ಬೆಣೆ ಯಾವುದು ಎಂದು ಹುಡುಕುವುದು ಅವನ ದಾರಿ. ವಿದ್ಯುತ್ ಶಾಸ್ತ್ರದಲ್ಲಿ ನಾವು ಓದುವ ಕೂಲಾಂ ಇವನೇ ಎಂದರೆ ಹಲವರಿಗೆ ಅಚ್ಚರಿ. 1857ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಬೆಣೆಯನ್ನು ಬಿಟ್ಟು ಮಣ್ಣಿನ ಒಳಗಿನ ಪ್ರತಿ ಬಿಂದುವಿನ ಒತ್ತಡವನ್ನೇ ಹಿಡಿದು ಹೊರಟ. ನಯವಾದ ನೆಟ್ಟನೆ ಗೋಡೆ, ಸಮತಟ್ಟಾದ ಮಣ್ಣಿಗೆ ಇಬ್ಬರ ಉತ್ತರವೂ ಒಂದೇ. ಆದರೆ ಇಬ್ಬರೂ ಮಣ್ಣು ತನ್ನ ಬಲವನ್ನೆಲ್ಲ ಬಳಸಿಯಾಗಿದೆ ಎಂಬಲ್ಲಿಂದ ಲೆಕ್ಕ ಶುರು ಮಾಡಿದವರು. ಅಲ್ಲಿಗೆ ತಲುಪಲು ಗೋಡೆ ಎಷ್ಟು ಸರಿಯಬೇಕು ಎನ್ನುವುದು ಅವರ ಸಮೀಕರಣಗಳಲ್ಲಿ ಇಲ್ಲ. ಅದನ್ನು ದೊಡ್ಡ ಗೋಡೆ ಕಟ್ಟಿ, ಹಿಂದೆ ಮರಳು ತುಂಬಿಸಿ, ಗೋಡೆಯನ್ನು ಇಷ್ಟಿಷ್ಟೇ ಸರಿಸಿ ಅಳೆದು ತೋರಿಸಿದವನು ಎಂಜಿನಿಯರ್ ಟೆರ್ಝಾಗಿ, 1930ರ ದಶಕದ ಹೊತ್ತಿಗೆ. ಅಲುಗದ ಗೋಡೆಗೆ ನಾವು ಬಳಸುವ "ಒಂದರಲ್ಲಿ ಘರ್ಷಣಾ ಕೋನದ ಸೈನ್ ಕಳೆಯಿರಿ" ಎಂಬ ಸರಳ ಸೂತ್ರ ಹಂಗೇರಿಯ ಯಾಕಿಯದು, 1944ರದು.

ಹಾಗಾದರೆ ಯಾವ ಗೋಡೆ ಸರಿಯುತ್ತದೆ? ಮೇಲೆ ಆಸರೆಯಿಲ್ಲದೆ ಪಾದದ ಮೇಲೆ ನಿಂತ ತಡೆಗೋಡೆ ಸರಿಯುತ್ತದೆ, ಅದಕ್ಕೆ 0.33 ಸಲ್ಲುತ್ತದೆ. ಬೇಸ್‌ಮೆಂಟಿನ ಗೋಡೆ ಸರಿಯುವುದಿಲ್ಲ. ಮೇಲೆ ನೆಲಮಹಡಿಯ ಚಪ್ಪಡಿ ಅದರ ತಲೆ ಹಿಡಿದಿದೆ, ಕೆಳಗೆ ತಳದ ಚಪ್ಪಡಿ ಕಾಲು ಹಿಡಿದಿದೆ. ಅದಕ್ಕೂ 0.33 ಹಾಕಿದರೆ ಲೆಕ್ಕದಲ್ಲಿ ಮೂರನೇ ಒಂದು ಭಾಗದ ತಳ್ಳುವಿಕೆ ಕಾಣೆ. ಬಂಡೆಯ ಮೇಲೆ ಕೂತು, ಎರಡು ತುದಿಗಳಲ್ಲೂ ಅಡ್ಡಗೋಡೆಗಳಿಗೆ ಬೆಸೆದ ಗಿಡ್ಡ ಗೋಡೆಯೂ ಇದೇ ಜಾತಿ. ಆಳದ ಗುಂಡಿಗೆ ಮೇಲಿನಿಂದ ಒಂದೊಂದೇ ಅಡ್ಡತೊಲೆ ಕೊಡುತ್ತ ಇಳಿಯುವ ಕಡೆ ಮತ್ತೊಂದು ಬಗೆ. ಅಲ್ಲಿ ತಲೆ ಮೊದಲೇ ಕಟ್ಟಿಬಿಟ್ಟಿರುವುದರಿಂದ ಬುಡವೇ ಒಳಬರುತ್ತದೆ. ಒತ್ತಡದ ತ್ರಿಕೋನ ಕೆಟ್ಟು, ಮೇಲಿನ ತೊಲೆಗಳ ಮೇಲೆ ನಿರೀಕ್ಷೆಗಿಂತ ಹೆಚ್ಚು ಭಾರ ಬೀಳುತ್ತದೆ. ಮರಳಿನಲ್ಲಿ ಅಂಥ ಗುಂಡಿಗಳಿಗೆ ಎಂಜಿನಿಯರ್ ಪೆಕ್ 1969ರಲ್ಲಿ ಸೂಚಿಸಿದ್ದು ತ್ರಿಕೋನವನ್ನಲ್ಲ, ಮೇಲಿನಿಂದ ಕೆಳಗಿನವರೆಗೂ ಒಂದೇ ಸಮನಾದ ಆಯತವನ್ನು.

ಈಗ ನೀರಿಗೆ ಬರೋಣ. ನನ್ನ ಸಿಟ್ಟಿನ ಬಹುಭಾಗ ಇಲ್ಲಿಯೇ ಖರ್ಚಾಗುವುದು.

ನೀರಿಗೆ ಕಾಲಿಲ್ಲ. ಅದರ ಕಣಗಳ ನಡುವೆ ಎಚ್ಚರಗೊಳ್ಳಲು ಘರ್ಷಣೆಯೇ ಇಲ್ಲ. ಗೋಡೆ 6 ಮಿಲಿಮೀಟರ್ ಸರಿಯಲಿ, 60 ಸರಿಯಲಿ, ನೀರು ಹಿಂದೆಯೇ ಬಂದು ಅಷ್ಟೇ ಬಲದಿಂದ ಒತ್ತುತ್ತದೆ. ಅದರ ಗುಣಾಂಕ ಯಾವಾಗಲೂ ಒಂದು. ಅದೇ ಆರು ಮೀಟರ್ ಗೋಡೆಯ ಹಿಂದೆ ನೀರು ತಲೆಯವರೆಗೆ ತುಂಬಿದೆ ಎಂದಿಟ್ಟುಕೊಳ್ಳಿ. ನೆನೆದ ಮಣ್ಣಿನ ತೂಕ ಘನಮೀಟರಿಗೆ 20 ಕಿಲೋನ್ಯೂಟನ್, ಅದರಲ್ಲಿ ನೀರು ಎತ್ತಿಹಿಡಿಯುವುದು ಸುಮಾರು 10. ಕಣಗಳಿಗೆ ಉಳಿಯುವುದು 10, ಆದ್ದರಿಂದ ಮಣ್ಣಿನ ತಳ್ಳುವಿಕೆ 108ರಿಂದ 60ಕ್ಕೆ ಇಳಿಯುತ್ತದೆ. ಇಲ್ಲಿಗೆ ನಿಲ್ಲಿಸಿ ನೀರಿನಿಂದ ಲಾಭವಾಯಿತು ಎಂದು ಬರೆದ ಹಾಳೆಯನ್ನೂ ನೋಡಿದ್ದೇನೆ. ನೀರಿನದೇ ತಳ್ಳುವಿಕೆ 180. ಒಟ್ಟು 240. ಬುಡದಲ್ಲಿ ಗೋಡೆಯನ್ನು ಬಗ್ಗಿಸುವ ಬಲ 216ರಿಂದ 480 ಕಿಲೋನ್ಯೂಟನ್ ಮೀಟರಿಗೆ ಏರಿತು. ಬರೀ ಮಣ್ಣಿಗೆಂದು ಒಂದೂವರೆ, ಎರಡು ಪಟ್ಟು ಸುರಕ್ಷತೆ ಇಟ್ಟು ಕಟ್ಟಿದ ಗೋಡೆಯ ಉಳಿತಾಯವೆಲ್ಲ ಇದರಲ್ಲೇ ಕರಗಿಹೋಗುತ್ತದೆ. ಮಳೆಗಾಲದಲ್ಲಿ ಬಿದ್ದ ಗೋಡೆಗಳ ಚಿತ್ರ ನೋಡಿದಾಗ ಮಣ್ಣು ತಳ್ಳಿತು ಎನ್ನುತ್ತಾರೆ. ಹೆಚ್ಚಿನ ಕಡೆ ತಳ್ಳಿದ್ದು ಹೊರಹೋಗಲು ದಾರಿ ಸಿಗದ ನೀರು.

ನಕ್ಷೆಯಲ್ಲಿ ದಾರಿ ಇದ್ದೇ ಇರುತ್ತದೆ. 100 ಮಿಲಿಮೀಟರ್ ಪೈಪಿನ ವೀಪ್ ಹೋಲ್‌ಗಳು, ಅಂದರೆ ಹಿಂದಿನ ನೀರನ್ನು ಹೊರಬಿಡಲು ಗೋಡೆಯಲ್ಲಿ ಬಿಡುವ ತೂತುಗಳು, ಸಾಲುಸಾಲಾಗಿ, ನೋಡಲು ಚೆಂದ. ಅವುಗಳ ಹಿಂದೆ ಏನಿದೆ ಎಂಬುದೇ ಪ್ರಶ್ನೆ. ಪೈಪಿನ ಬಾಯಿಗೆ ನೇರವಾಗಿ ಅಗೆದ ಮಣ್ಣನ್ನೇ ತುಂಬಿದ್ದರೆ ಮೊದಲು ಸಣ್ಣ ಕಣಗಳು ಹರಿದು ಬರುತ್ತವೆ, ಆಮೇಲೆ ಪೈಪ್ ಕಟ್ಟಿಕೊಳ್ಳುತ್ತದೆ. ಜಲ್ಲಿ ಹಾಕಿದರೆ ಸಾಲದು. ಜಲ್ಲಿಯ ಸಂದುಗಳು ಮಣ್ಣಿನ ಕಣಕ್ಕೆ ದೊಡ್ಡ ಬಾಗಿಲಾದರೆ ಅದೂ ತುಂಬಿಹೋಗುತ್ತದೆ. ಸೋಸುಪದರದ ಸಣ್ಣ ಕಣಗಳು ಹಿಂದಿನ ಮಣ್ಣಿನ ದೊಡ್ಡ ಕಣಗಳ ನಾಲ್ಕೈದು ಪಟ್ಟಿಗಿಂತ ದಪ್ಪವಿರಬಾರದು ಎಂಬ ಟೆರ್ಝಾಗಿಯ ನಿಯಮ ಇದಕ್ಕಾಗಿಯೇ ಇರುವುದು. ನೀರು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಬಂದ ಮೇಲೆ ಕೆಲಸ ಹಗುರಾಗಿದೆ, ಆದರೆ ಬಟ್ಟೆಗೂ ಸರಿಯಾದ ರಂಧ್ರದ ಅಳತೆ ಆರಿಸಬೇಕು.

ಕಟ್ಟಿ ಮುಗಿದ ಗೋಡೆಯನ್ನು ನೋಡಲು ಹೋದಾಗ ನಾನು ಮಳೆ ನಿಂತ ಮಾರನೆಯ ದಿನವನ್ನೇ ಆರಿಸುತ್ತೇನೆ. ಒಂದೊಂದು ವೀಪ್ ಹೋಲ್ ಕೆಳಗೂ ಕಾಂಕ್ರೀಟಿನ ಮೇಲೆ ಇಳಿದ ಕಲೆಯನ್ನು ಓದಬೇಕು. ಹಸಿರು ಪಾಚಿ ಕಟ್ಟಿ ತೊಟ್ಟಿಕ್ಕುತ್ತಿದ್ದರೆ ಒಳ್ಳೆಯದು. ತಿಳಿನೀರು ಬಿಟ್ಟು ಕೆಂಪು ಕೆಸರು ಬರುತ್ತಿದ್ದರೆ ಗೋಡೆಯ ಹಿಂದೆ ಪೊಳ್ಳಾಗುತ್ತಿದೆ. ಸಾಲಿನ ಎಲ್ಲ ತೂತುಗಳೂ ಒದ್ದೆಯಾಗಿ ನಡುವೆ ಮೂರ್ನಾಲ್ಕು ಮಾತ್ರ ಒಣಗಿ ಬಿಳುಚಿಕೊಂಡಿದ್ದರೆ ಅಲ್ಲಿ ನಿಲ್ಲಬೇಕು. ಉದ್ದನೆಯ ಕಂಬಿ ತೂರಿಸಿ ನೋಡಿದರೆ ಎಷ್ಟೋ ಸಲ ಅದು ಒಂದು ಗೇಣಿಗೇ ಕಾಂಕ್ರೀಟಿಗೆ ತಾಗುತ್ತದೆ. ಎರಕ ಹೊಯ್ಯುವಾಗ ಸಿಮೆಂಟ್ ಹಾಲು ಒಳಗೆ ಹರಿದು ಪೈಪ್ ಅಂದೇ ಮುಚ್ಚಿರುತ್ತದೆ. ಆ ತೂತು ಹುಟ್ಟಿದ್ದೇ ನಕ್ಷೆಗಾಗಿ.

ಜಾಗವಿದ್ದರೆ ನಾನು ಗೋಡೆಯ ಬೆನ್ನಿಗಂಟಿದ ನೆಟ್ಟನೆಯ ಸೋಸುಪದರಕ್ಕಿಂತ ಬುಡದಿಂದ ಹಿಂದಕ್ಕೆ ಓರೆಯಾಗಿ ಏರುವ, ಬೆಣೆಯನ್ನು ಕೆಳಗಿನಿಂದ ಹೊದ್ದಂತಿರುವ ಪದರವನ್ನು ಒತ್ತಾಯಿಸುತ್ತೇನೆ. ನೆಟ್ಟನೆಯದು ಗೋಡೆಯ ಬೆನ್ನಿನ ನೀರನ್ನು ಇಳಿಸುತ್ತದೆ, ನಿಜ. ಆದರೆ ಜೋರು ಮಳೆಯಲ್ಲಿ ಮೇಲಿನಿಂದ ಇಂಗುವ ನೀರು ಗೋಡೆಯ ಕಡೆಗೆ ಬಾಗಿ ಹರಿಯುವುದರಿಂದ ಬೆಣೆ ಜಾರುವ ಓರೆಗೆರೆಯ ಮೇಲೆ ನೀರಿನ ಒತ್ತಡ ಉಳಿದೇ ಇರುತ್ತದೆ. ಓರೆ ಪದರವಿದ್ದರೆ ನೀರು ನೇರ ಕೆಳಕ್ಕೆ ಇಳಿಯುತ್ತದೆ, ಒಳಗಿನ ಒತ್ತಡ ಸೊನ್ನೆಯಾಗುತ್ತದೆ. ಗುತ್ತಿಗೆದಾರರಿಗೆ ಇದು ಇಷ್ಟವಾಗುವುದಿಲ್ಲ; ಅಗೆತ ಹೆಚ್ಚು.

ಜೇಡಿಮಣ್ಣಿನ ಬಗ್ಗೆ ಎರಡು ಮಾತು. ಅಂಟುಗುಣ ಇರುವುದರಿಂದ ಅದು ಕೆಲಕಾಲ ಆಸರೆಯೇ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ. ಅಂಟಿನ ಬಲ ಚದರ ಮೀಟರಿಗೆ 20 ಕಿಲೋನ್ಯೂಟನ್ ಇದ್ದರೆ ಸೂತ್ರದ ಪ್ರಕಾರ ನಾಲ್ಕೂವರೆ ಮೀಟರ್‌ಗೆ ಹತ್ತಿರ. ಇದನ್ನು ನಂಬಿ ಕಾಲುವೆಯೊಳಗೆ ಇಳಿಯುವವರಿಗೆ ಮೊದಲೇ ಹೇಳಬೇಕಾದದ್ದು "ಕೆಲಕಾಲ" ಎಂಬುದನ್ನು. ಅಗೆದ ಕೂಡಲೇ ಮಣ್ಣಿನ ಒಳಗಿನ ನೀರಿನಲ್ಲಿ ಹೀರುವ ಒತ್ತಡ ಹುಟ್ಟಿ ಕಣಗಳನ್ನು ಬಿಗಿಹಿಡಿಯುತ್ತದೆ. ಗಂಟೆಗಳೋ ದಿನಗಳೋ ಕಳೆದಂತೆ ಅದು ಸಡಿಲವಾಗುತ್ತದೆ. ಬೆಳಗ್ಗೆ ಅಲುಗದಿದ್ದ ಬದಿ ಸಂಜೆ ಕುಸಿಯುವುದು ಹೀಗೆ. ಒಂದು ಘನಮೀಟರ್ ಮಣ್ಣು ಎಂದರೆ ಸುಮಾರು 1.8 ಟನ್, ಎದೆಯವರೆಗೆ ಹೂತರೂ ಉಸಿರಾಡಲು ಬಿಡುವುದಿಲ್ಲ. ತಡೆಗೋಡೆಯ ಹಿಂದೆ ಇದೇ ಮಣ್ಣಿದ್ದರೆ ಲೆಕ್ಕ ಮೇಲಿನ 2.2 ಮೀಟರಿನಲ್ಲಿ ಋಣ ಒತ್ತಡ ತೋರಿಸುತ್ತದೆ, ಮಣ್ಣು ಗೋಡೆಯನ್ನು ಹಿಂದಕ್ಕೆ ಎಳೆಯುತ್ತಿರುವಂತೆ. ಮಣ್ಣು ಗೋಡೆಯನ್ನು ಎಳೆಯುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಿಗೆ ಮಳೆನೀರು ಇಳಿಯುತ್ತದೆ. ಆಗ ಆ ಎತ್ತರಕ್ಕೆ ಬರೆಯಬೇಕಾದದ್ದು ನೀರಿನ ಒತ್ತಡವನ್ನು. ಇನ್ನು ನೆನೆದರೆ ಉಬ್ಬುವ ಎರೆಮಣ್ಣನ್ನು ಗೋಡೆಯ ಹಿಂದೆ ತುಂಬುವುದಾದರೆ ಯಾವ ಗುಣಾಂಕ ಹಾಕಬೇಕೆಂದು ನನ್ನನ್ನು ಕೇಳಬೇಡಿ, ತುಂಬಬೇಡಿ.

ಹಾಗೆಂದು ಒಳ್ಳೆಯ ಮರಳುಮಣ್ಣು ತಂದ ಮಾತ್ರಕ್ಕೆ ಮುಗಿಯಿತೆಂದಲ್ಲ. ಭಾರಿ ರೋಲರನ್ನು ಗೋಡೆಯ ಬೆನ್ನಿಗೆ ಉಜ್ಜುವಂತೆ ಓಡಿಸಿ ದಮ್ಮಸ್ಸು ಮಾಡುವವರಿದ್ದಾರೆ. ರೋಲರ್ ಮುಂದೆ ಹೋದರೂ ಅದು ಮಣ್ಣಿನೊಳಗೆ ಅಡ್ಡಡ್ಡವಾಗಿ ತುರುಕಿದ ಒತ್ತಡ ಪೂರ್ತಿ ಹಿಂದೆ ಹೋಗುವುದಿಲ್ಲ, ಪದರದ ಮೇಲೆ ಪದರವಾಗಿ ಗೋಡೆಯ ಮೇಲ್ಭಾಗದಲ್ಲಿ ಸೇರಿಕೊಳ್ಳುತ್ತದೆ. ಗೋಡೆಯಿಂದ ಎರಡು ಮೀಟರ್ ಒಳಗೆ ಕೈಯಲ್ಲಿ ನಡೆಸುವ ಚಿಕ್ಕ ಯಂತ್ರ ಸಾಕು, ಪದರವನ್ನು ತೆಳುವಾಗಿಸಿದರಾಯಿತು. ಮೇಲೆ ವಾಹನ ನಿಲ್ಲುವುದಿದ್ದರೆ, ಸರಕು ರಾಶಿ ಹಾಕುವುದಿದ್ದರೆ ಆ ಭಾರದ ಮೂರನೇ ಒಂದು ಭಾಗವನ್ನು ಗೋಡೆಯ ಪೂರ್ತಿ ಎತ್ತರಕ್ಕೂ ಸೇರಿಸಬೇಕೆಂದು ಎಲ್ಲರಿಗೂ ಗೊತ್ತು. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಸರಿಯಲಿ ಎಂದೇ ಲೆಕ್ಕ ಹಾಕಿದ ಗೋಡೆ ನಿಜವಾಗಿ ಸರಿದಾಗ ಮಾತ್ರ ಗಾಬರಿಯ ಫೋನ್ ಬರುತ್ತದೆ. "ಸರ್, ಗೋಡೆ ಹದಿನೈದು ಮಿಲಿಮೀಟರ್ ವಾಲಿದೆ." ಯಾವುದಕ್ಕೆ ಹೋಲಿಸಿದರೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಮಣ್ಣು ತುಂಬುವ ಮೊದಲೇ ಗೋಡೆಯ ತಲೆಯ ಮೇಲೆ ಗುರುತು ಹಾಕಿ ಅಳತೆ ಬರೆದಿಟ್ಟಿದ್ದರೆ ವಾಲಿದ್ದು ಎಷ್ಟು, ಅಚ್ಚು ಕಟ್ಟುವಾಗಲೇ ಓರೆಯಾಗಿದ್ದು ಎಷ್ಟು ಎಂದು ಬೇರ್ಪಡಿಸಬಹುದಿತ್ತು. ಮಣ್ಣು ತುಂಬುವಾಗ ಬಂದು ನಿಂತ ಹದಿನೈದು ಮಿಲಿಮೀಟರ್ ಬೇರೆ, ಪ್ರತಿ ಮಳೆಗೂ ಎರಡೆರಡು ಸೇರುತ್ತ ಹೋಗುವ ಹದಿನೈದು ಬೇರೆ. ಮೊದಲನೆಯದಕ್ಕೆ ನಾನು ಏನೂ ಮಾಡಿಸುವುದಿಲ್ಲ, ಎರಡನೆಯದಕ್ಕೆ ಅಂದೇ ಹೊರಡುತ್ತೇನೆ. ನೋಡುವವರ ಕಣ್ಣಿನ ಸಮಾಧಾನಕ್ಕೆ ಒಂದು ಹಳೆಯ ಉಪಾಯವೂ ಇದೆ: ಗೋಡೆಯ ಮುಂಭಾಗವನ್ನು ನೆಟ್ಟಗೆ ಕಟ್ಟದೆ 50ಕ್ಕೆ 1ರಷ್ಟು ಹಿಂದಕ್ಕೆ ಒರಗಿಸಿ ಕಟ್ಟುವುದು. ಆರು ಮೀಟರ್ ಗೋಡೆಗೆ ಅದು 120 ಮಿಲಿಮೀಟರ್. ಅದರಲ್ಲಿ ಹದಿನೈದು ಕಳೆದುಹೋದರೆ ದಾರಿಯಲ್ಲಿ ಹೋಗುವ ಯಾರಿಗೂ ಗೊತ್ತಾಗುವುದಿಲ್ಲ.